ಸಭೆಯಲ್ಲಿ ಎದ್ದು ನಿಂತ ಭಾನುವಾರ

ಹನ್ನೊಂದು ವರ್ಷದ ಹಿಂದೆ, ಜನವರಿಯ ಒಂದು ಭಾನುವಾರ, ಆರಾಧನೆ ನಡೆಯುತ್ತಿರುವಾಗಲೇ ನಾನು ಎದ್ದು ನಿಂತು ನಮ್ಮ ಸಭೆಯ ಅಯ್ಯನವರನ್ನು ಎಲ್ಲರ ಎದುರಿಗೆ "ಸುಳ್ಳು ಬೋಧಕ" ಅಂತ ಕರೆದೆ. ಅವತ್ತು ಬೆಳಿಗ್ಗೆ ಒಂಬತ್ತಾದರೂ ಹುಲ್ಲಿನ ಮೇಲಿನ ಮಂಜು ಕರಗಿರಲಿಲ್ಲ. ಚಹಾ ಗಿಡಗಳ ಎಳೆ ಎಲೆಯೆಲ್ಲ ಬೆಂಕಿ ತಾಗಿದ ಹಾಗೆ ಕಪ್ಪಾಗಿತ್ತು. ಅಷ್ಟು ಚಳಿಯಲ್ಲೂ ನನ್ನ ಅಂಗಿ ಬೆವರಿಗೆ ಒದ್ದೆಯಾಗಿತ್ತು. ನಾನು ಹೇಳಿದ್ದರಲ್ಲಿ ಬಹುಪಾಲು ನಿಜವೇ ಇತ್ತು. ಆದರೂ ಆ ದಿನ ನೆನಪಾದರೆ ಈಗಲೂ ತಲೆ ತಗ್ಗುತ್ತದೆ. ನಿಜ ಹೇಳಿದವನಿಗೆ ನಾಚಿಕೆ ಯಾಕಪ್ಪ ಅಂತ ನೀವು ಕೇಳಬಹುದು. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ವಾಚನಾಲಯದ ಹುಡುಗರು ಬಂದು, "ವಾದ್ಯಾರೇ, ಪುಸ್ತಕಕ್ಕೆ ಶಾಲೆ ವಿಷಯ ಏನಾದರೂ ಬರೆದು ಕೊಡಿ" ಅಂದಿದ್ದರು. ಶಾಲೆ ವಿಷಯ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಇದು ನಾನೇ ಬರೆಯಬೇಕಾದದ್ದು. ಕ್ರೈಸ್ತರ ಮನೆಯೊಳಗಿನ ಜಗಳ ನಮಗೇಕೆ ಅಂತ ಪುಟ ತಿರುಗಿಸಬೇಡಿ. ಊರ ಗೌಡರು ತೀರ್ಪು ತಪ್ಪಿದಾಗ, ಹೆಡ್ಮಾಸ್ಟರು ತಪ್ಪು ಕಲಿಸಿದಾಗ, ಸಂಘದ ಅಧ್ಯಕ್ಷರು ಲೆಕ್ಕ ತಪ್ಪಾಗಿ ಓದಿದಾಗ ಎದ್ದು ನಿಲ್ಲಬೇಕೋ, ಸುಮ್ಮನೆ ಕೂರಬೇಕೋ, ನಿಂತರೆ ಯಾವ ಮಾತಿನಲ್ಲಿ ಹೇಳಬೇಕೋ ಅನ್ನುವ ಕಷ್ಟ ಯಾರಿಗೂ ತಪ್ಪಿದ್ದಲ್ಲ.

ನಮ್ಮ ಮನೆತನದ ವಿಷಯ ಎರಡು ಮಾತು. 1846ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಕಡೆಯಿಂದ ಈ ಬೆಟ್ಟಕ್ಕೆ ಬಂದು ಕೇತಿಯಲ್ಲಿ ನೆಲೆ ನಿಂತರು. ಬಡಗರಿಗೆ ಕನ್ನಡ ಹತ್ತಿರ ಅಂತ ಶಾಲೆಯನ್ನೂ ಬೋಧನೆಯನ್ನೂ ಕನ್ನಡದಲ್ಲೇ ನಡೆಸಿದರು. ಹನ್ನೆರಡು ವರ್ಷ ಹಟ್ಟಿ ಹಟ್ಟಿ ಅಲೆದ ಮೇಲೆ, 1858ರಲ್ಲಿ, ಮೊದಲ ಬಡಗ ಒಬ್ಬನಿಗೆ ದೀಕ್ಷಾಸ್ನಾನವಾಯಿತು. ನಮ್ಮ ಮುತ್ತಜ್ಜ ಅದಕ್ಕೂ ಎಷ್ಟೋ ಕಾಲದ ನಂತರ ಸೇರಿದವನು. ಹಾಗಾಗಿ ನಮ್ಮ ಮನೆಯಲ್ಲಿ ಆಡುವುದು ಬಡಗ ಮಾತು, ಶಾಲೆಯಲ್ಲಿ ಕಲಿತದ್ದೂ ಕಲಿಸಿದ್ದೂ ತಮಿಳು, ದೇವರ ಪುಸ್ತಕ ಮಾತ್ರ ಕನ್ನಡ. ಸೋಲೂರು ಸುತ್ತ ನಮ್ಮಂಥ ಮನೆಗಳು ಕೈಬೆರಳಲ್ಲಿ ಎಣಿಸುವಷ್ಟು. ಚಿಕ್ಕ ಸಭೆ. ಒಬ್ಬರ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾದರೂ ಇನ್ನೊಬ್ಬರಿಗೆ ತಿಳಿಯುತ್ತದೆ. ಇಂಥ ಕಡೆ ಜಗಳವಾದರೆ ಬೇರೆ ಬೀದಿಯಲ್ಲಿ ನಡೆದುಹೋಗೋಣ ಅಂದರೆ ಬೇರೆ ಬೀದಿಯೇ ಇಲ್ಲ.

ಆ ಡಿಸೆಂಬರಿನಲ್ಲಿ ಮೂರು ದಿನದ ಪ್ರಾರ್ಥನಾ ಕೂಟ ಇತ್ತು. ನಾನು ಊರಲ್ಲಿರಲಿಲ್ಲ, ಕೊಯಮತ್ತೂರಿನಲ್ಲಿ ಮಗಳ ಮನೆಯಲ್ಲಿದ್ದೆ. ಇದು ಮುಂದೆ ಬರುವ ಮಾತಿಗೆ ಬೇಕು, ನೆನಪಿಟ್ಟುಕೊಳ್ಳಿ. ಎರಡನೆಯ ದಿನ ಅಯ್ಯನವರು ಗುಣಪಡಿಸುವಿಕೆಯ ವಿಷಯ ಬೋಧಿಸಿದರು. ಗಟ್ಟಿ ನಂಬಿಕೆ ಇದ್ದ ಕಡೆ ಕಾಯಿಲೆ ನಿಲ್ಲುವುದಿಲ್ಲ, ನಿಂತಿದೆ ಅಂದರೆ ಮನೆಯಲ್ಲಿ ಮುಚ್ಚಿಟ್ಟ ಪಾಪ ಏನೋ ಇದೆ ಅಂದರಂತೆ. ಬೇರೆ ಊರಿನ ಒಬ್ಬ ಹೆಂಗಸು ತನ್ನ ಮಾತ್ರೆಗಳನ್ನು ತಂದು ದೇವರ ಮೇಜಿನ ಮೇಲಿಟ್ಟು ಹೋದಳು, ಮತ್ತೆ ಅವಳಿಗೆ ಅವು ಬೇಕಾಗಲೇ ಇಲ್ಲ ಅನ್ನುವ ಕಥೆಯನ್ನೂ ಹೇಳಿದರಂತೆ.

ಆ ಕೂಟದಲ್ಲಿ ನನ್ನ ತಂಗಿ ಕೂತಿದ್ದಳು. ಎಲೆ ಕೀಳುವ ಕೆಲಸ ಅವಳದು. ಗಂಡ ಮೂತ್ರಪಿಂಡದ ಕಾಯಿಲೆಯಿಂದ ತೀರಿ ಎರಡು ವರ್ಷವಾಗಿತ್ತು. ಇವಳಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ. ಕೂಟ ಮುಗಿದ ರಾತ್ರಿಯಿಂದ ಮಾತ್ರೆ ನಿಲ್ಲಿಸಿದಳು. ಯಾರಿಗೂ ಹೇಳಲಿಲ್ಲ. ತೋಟದಲ್ಲಿ ಬೂಟು ಉಜ್ಜಿ ಬಲಗಾಲಿನ ಕಿರುಬೆರಳಿಗೆ ಗುಳ್ಳೆ ಎದ್ದಿತ್ತು. ಅದು ಒಡೆದು ಹುಣ್ಣಾಯಿತು. ಸಕ್ಕರೆ ಏರಿದ ಮೈಯಲ್ಲಿ ಹುಣ್ಣು ಮಾಯುವುದಿಲ್ಲ, ನೋವೂ ಸರಿಯಾಗಿ ತಿಳಿಯುವುದಿಲ್ಲ. ಹೊಸ ವರ್ಷ ಕಳೆದು ನಾಲ್ಕನೆಯ ದಿನ ಒಲೆ ಮುಂದೆ ಮಂಕು ಬಡಿದವಳ ಹಾಗೆ ಕೂತವಳನ್ನು ಪಕ್ಕದ ಮನೆಯವರು ನೋಡಿ ಜೀಪಿನಲ್ಲಿ ಊಟಿಗೆ ಕರಕೊಂಡು ಹೋದರು. ಸಕ್ಕರೆ 500 ದಾಟಿತ್ತು. ಜೀವ ಉಳಿಯಿತು. ಬೆರಳು ತೆಗೆಯಬೇಕಾಯಿತು.

ಆಸ್ಪತ್ರೆ ಮಂಚದ ಮೇಲೆ ಅವಳು ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು: "ಅಣ್ಣಾ, ಅವರು ಸತ್ತದ್ದು ನನ್ನ ಪಾಪಕ್ಕಾ?"

ಆ ಮಾತು ಕೇಳಿದ ಮೇಲೆ ನನಗೆ ಕಣ್ಣು ಕಾಣಲಿಲ್ಲ. ಕೂಟಕ್ಕೆ ಹೋಗಿದ್ದ ಇಬ್ಬರನ್ನು ಕೇಳಿದೆ. ಒಬ್ಬರು ಒಂದು ಹೇಳಿದರು, ಇನ್ನೊಬ್ಬರು ಸ್ವಲ್ಪ ಬೇರೆ ಹೇಳಿದರು. ನನಗೆ ಬೇಕಾದ್ದನ್ನು ನಾನು ತಗೊಂಡೆ. ಶನಿವಾರ ರಾತ್ರಿ ಕೂತು ನಾಲ್ಕು ಪುಟದ ಕಾಗದ ಬರೆದೆ. ಭಾನುವಾರ ಸಭೆಯಲ್ಲಿ ಎದ್ದು ನಿಂತು ಅದನ್ನೇ ಓದಿದೆ. ಸೋಮವಾರ ಊಟಿಯಲ್ಲಿ ನಕಲು ತೆಗೆಸಿ ಟೀ ಅಂಗಡಿ, ರೇಷನ್ ಅಂಗಡಿ, ಬಸ್ ನಿಲ್ದಾಣ, ಮೂರು ಕಡೆ ಅಂಟಿಸಿದೆ. ಅದರಲ್ಲಿ ತಂಗಿಯ ಹೆಸರು, ಅವಳ ಕಾಯಿಲೆ, ತೆಗೆದ ಬೆರಳು ಎಲ್ಲ ಇತ್ತು. "ಮಾತ್ರೆ ಎಸೆಯಿರಿ ಎಂದು ಬೋಧಿಸಿದರು" ಅನ್ನುವ ಸಾಲೂ ಇತ್ತು.

ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ, ಆ ಬೋಧನೆ ತಪ್ಪು. ನಮ್ಮ ದೇವರ ಪುಸ್ತಕವೇ ಅದನ್ನು ಒಪ್ಪುವುದಿಲ್ಲ. ಯೋಬನ ಮೈಯೆಲ್ಲ ಹುಣ್ಣಾದಾಗ ಗೆಳೆಯರು ಬಂದು, ನೀನು ಏನೋ ಪಾಪ ಮಾಡಿರಬೇಕು, ಒಪ್ಪಿಕೋ ಅಂತ ಪೀಡಿಸಿದರು. ಕಡೆಯಲ್ಲಿ ದೇವರಿಗೆ ಸಿಟ್ಟು ಬಂದದ್ದು ಆ ಗೆಳೆಯರ ಮೇಲೆ. ಹುಟ್ಟು ಕುರುಡನನ್ನು ನೋಡಿ ಇದು ಯಾರ ಪಾಪ ಅಂತ ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ತಂದೆತಾಯಿಯದೂ ಅಲ್ಲ ಅಂತ ಯೇಸು ಉತ್ತರ ಕೊಟ್ಟದ್ದು ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿದೆ. ಪೌಲನ ಜೊತೆಗಿದ್ದ ಲೂಕ ವೈದ್ಯ. ಪೌಲ ತನ್ನ ಜೊತೆಯ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಹೋಗಬೇಕಾಯಿತು. ತಿಮೊಥೆಯನ ಹೊಟ್ಟೆನೋವಿಗೆ ಇಂಥದ್ದು ಕುಡಿ ಅಂತ ಬರೆದು ಕಳಿಸಿದ. ಪೌಲನಿಗೆ ನಂಬಿಕೆ ಕಮ್ಮಿ ಇತ್ತು ಅಂತ ಯಾರು ಹೇಳುತ್ತಾರೆ? ಇದನ್ನೆಲ್ಲ ನನ್ನ ಕಾಗದದಲ್ಲಿ ಬರೆದಿದ್ದೆ. ಆ ಭಾಗ ಈಗ ಓದಿದರೂ ಸರಿಯಾಗಿದೆ.

ಆದರೆ ಆದದ್ದೇನು? ಕೂಟದಲ್ಲಿದ್ದ ಇಪ್ಪತ್ತು ಮೂವತ್ತು ಜನಕ್ಕೂ ಅಯ್ಯನವರು "ಮಾತ್ರೆ ಎಸೆಯಿರಿ" ಅಂತ ಹೇಳಲಿಲ್ಲ ಅನ್ನುವುದು ಗೊತ್ತಿತ್ತು. ಆ ಒಂದು ಸಾಲು ಸುಳ್ಳಾದ್ದರಿಂದ ನಾಲ್ಕು ಪುಟವೂ ಸುಳ್ಳಾಯಿತು. "ಕೇಳದೇ ಇದ್ದವನು ಬರೆದದ್ದು" ಅಂದರು. ಅದೂ ನಿಜವೇ. ನಮ್ಮಲ್ಲಿ ರಕ್ತದೊತ್ತಡದ ಒಬ್ಬ ಹಿರಿಯರು ಇದ್ದರು. ಅವರೂ ಡಿಸೆಂಬರಿನಲ್ಲಿ ಮಾತ್ರೆ ನಿಲ್ಲಿಸಿದ್ದರು, ಆದರೆ ಅನುಮಾನದಲ್ಲಿದ್ದರು. ನನ್ನ ಕಾಗದ ಓದಿದ ಮೇಲೆ ಅವರಿಗೆ ಹಟ ಬಂತು. ಈಗ ಮಾತ್ರೆ ತಗೊಂಡರೆ ಅಯ್ಯನವರನ್ನು ಬಿಟ್ಟುಕೊಟ್ಟ ಹಾಗೆ ಅಂತ ಮಾತ್ರೆ ಡಬ್ಬಿಯನ್ನು ಅಟ್ಟಕ್ಕೆ ಎಸೆದರಂತೆ. ಯಾರನ್ನು ಉಳಿಸಲು ಬರೆದೆನೋ ಅವರನ್ನೇ ಗುಂಡಿಗೆ ತಳ್ಳಿದ್ದೆ.

ಟೀ ಅಂಗಡಿಯಲ್ಲಿ ಕಾಗದ ಓದಿದ ಬೇರೆಯವರಿಗೆ ಅದು ತಮಾಷೆಯಾಯಿತು. ಅಯ್ಯನವರ ಮಗಳು ಎಂಟನೆಯ ತರಗತಿಯಲ್ಲಿದ್ದಳು. ಮಕ್ಕಳು ಅವಳ ಮೇಜಿನ ಮೇಲೆ ಮಾತ್ರೆಯ ಖಾಲಿ ಪಟ್ಟಿ ಇಟ್ಟು ನಗುತ್ತಿದ್ದರಂತೆ. ಹುಡುಗಿ ವಾರಗಟ್ಟಲೆ ಶಾಲೆಗೆ ಬರಲಿಲ್ಲ. ಮೂವತ್ತೊಂದು ವರ್ಷ ಪಾಠ ಹೇಳಿದ ನಾನು ಒಂದು ಮಗು ಶಾಲೆ ಬಿಡುವ ಹಾಗೆ ಮಾಡಿದ್ದೆ.

ತಂಗಿ ಆಸ್ಪತ್ರೆಯಿಂದ ಬಂದಳು. ನಾನು ಅವಳ ಪರವಾಗಿ ಹೋರಾಡಿದ್ದೇನೆ, ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. ಬಾಗಿಲಲ್ಲೇ ನಿಲ್ಲಿಸಿದಳು. "ನನ್ನ ಕಾಲು ಊರಿಗೆಲ್ಲ ಯಾಕೆ ತೋರಿಸಿದೆ ಅಣ್ಣಾ? ನನ್ನ ಒಂದು ಮಾತು ಕೇಳಬೇಕು ಅಂತ ಅನ್ನಿಸಲಿಲ್ವಾ? ಅಯ್ಯನವರು ನನ್ನ ಮನಸ್ಸಿಗೆ ನೋವು ಮಾಡಿದರು. ನೀನು ನನ್ನ ಮಾನ ತೆಗೆದೆ." ಮೂರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆಗ ನನಗೆ ಹಳೆಯದೊಂದು ನೆನಪಾಯಿತು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಶಾಲೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, ನಾನು ಹಲಗೆ ಮೇಲೆ ಬಿಡಿಸಿದ ಬಡ್ಡಿ ಲೆಕ್ಕ ತಪ್ಪು ಅಂತ ಮಕ್ಕಳ ಎದುರೇ ಅಳಿಸಿ, "ಇವರಿಗೇ ಬರುವುದಿಲ್ಲ, ನಿಮಗೇನು ಕಲಿಸುತ್ತಾರೆ" ಅಂದಿದ್ದರು. ಲೆಕ್ಕ ತಪ್ಪೇ. ಅದನ್ನು ಅಳಿಸಲೇಬೇಕಿತ್ತು, ಮಕ್ಕಳು ಬರಕೊಳ್ಳುತ್ತಿದ್ದರು. ಆದರೆ ಎರಡನೆಯ ಮಾತು ಬೇಕಿರಲಿಲ್ಲ. ಲೆಕ್ಕ ತಿದ್ದುವುದಕ್ಕೆ ಮೊದಲನೆಯ ಮಾತು ಸಾಕಾಗಿತ್ತು, ಎರಡನೆಯದು ನನ್ನನ್ನು ಕೆಳಗೆ ಹಾಕುವುದಕ್ಕೆ. ನನ್ನ ನಾಲ್ಕು ಪುಟದಲ್ಲಿ ಎರಡು ಪುಟ ಆ ಎರಡನೆಯ ಜಾತಿಯದಾಗಿತ್ತು.

ಹೀಗೆ ಜಗಳವಾಡಿದವರಲ್ಲಿ ನಾನೇ ಮೊದಲನೆಯವನಲ್ಲ. ಈ ತಮಿಳುನಾಡಿನಲ್ಲೇ ಇನ್ನೂರು ವರ್ಷದಿಂದ ನಡೆದು ಬಂದ ಕಥೆ ಇದು. ತಂಜಾವೂರಿನ ವೇದನಾಯಗಂ ಶಾಸ್ತ್ರಿಯಾರ್ ಹುಟ್ಟಿದ್ದು 1774ರಲ್ಲಿ. ಶ್ವಾರ್ಟ್ಜ್ ಪಾದ್ರಿಯ ಶಿಷ್ಯ, ತಮಿಳಿನಲ್ಲಿ ಯೇಸುವಿನ ಮೇಲೆ ಕೀರ್ತನೆ, ಕುರವಂಜಿ ಬರೆದ ದೊಡ್ಡ ಕವಿ. 1820ರ ದಶಕದಲ್ಲಿ ಹೊಸ ತಲೆಮಾರಿನ ಪಾದ್ರಿಗಳು ಬಂದು ಹಳೆಯ ತಮಿಳು ಬೈಬಲಿನ ಮಾತುಗಳನ್ನು ಬದಲಿಸಿದರು. ಆರಾಧನೆಯಲ್ಲಿ ತಮಿಳು ಕೀರ್ತನೆ ಬೇಡ, ಹಬ್ಬಕ್ಕೆ ಹೂವು ಬೇಡ ಅಂದರು. ಸಭೆಯಲ್ಲಿ ಜಾತಿ ಬೇಡ ಅಂತಲೂ ಅಂದರು. ಶಾಸ್ತ್ರಿಯಾರ್ ಇವನ್ನೆಲ್ಲ ಒಟ್ಟಿಗೆ ಸೇರಿಸಿ, ಇವು ನಮಗೆ ಮಾಡಿದ ನಾಲ್ಕು ಕ್ರೌರ್ಯ ಅಂತ ಬಹಿರಂಗವಾಗಿ ಬರೆದರು. ಇವತ್ತು ನೋಡಿ, ಅವರ ಕೀರ್ತನೆ ಹಾಡದ ತಮಿಳು ಸಭೆ ಸಿಗುವುದು ಕಷ್ಟ. ಹಾಡಿನ ವಿಷಯದಲ್ಲಿ, ಹೂವಿನ ವಿಷಯದಲ್ಲಿ ಅವರೇ ಸರಿ. ಜಾತಿಯ ವಿಷಯದಲ್ಲಿ ಅವರು ತಪ್ಪು. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯಲ್ಲಿ ಜಾತಿ ಪೂರ್ತಿ ನಿಲ್ಲಬೇಕು ಅಂತ ಪತ್ರ ಬರೆದಾಗ, ಆ ಒಂದು ವಿಷಯದಲ್ಲಾದರೂ ನ್ಯಾಯ ಪಾದ್ರಿಗಳ ಕಡೆಗಿತ್ತು. ಒಬ್ಬನೇ ಮನುಷ್ಯನ ಒಂದೇ ದೂರಿನಲ್ಲಿ ಕಾಳೂ ಇರುತ್ತದೆ, ಜೊಳ್ಳೂ ಇರುತ್ತದೆ. ಸಿಟ್ಟಿನಲ್ಲಿದ್ದವನಿಗೆ ಎರಡೂ ಒಂದೇ ತೂಕವಾಗಿ ಕಾಣುತ್ತವೆ. ನನ್ನ ಕಾಗದವನ್ನು ಯಾರಾದರೂ ಕೇರಿ ಕೊಟ್ಟಿದ್ದರೆ ಒಳ್ಳೆಯದಿತ್ತು.

ಇನ್ನೊಬ್ಬರು ತಿರುನೆಲ್ವೇಲಿಯ ರೇನಿಯಸ್. ಜರ್ಮನಿಯವರು, 1814ರಲ್ಲಿ ಮದರಾಸಿಗೆ ಬಂದು 1820ರಿಂದ ಪಾಳಯಂಕೋಟೆಯಲ್ಲಿದ್ದರು. ಅವರ ಕಾಲದಲ್ಲಿ ಹಳ್ಳಿ ಹಳ್ಳಿಯಲ್ಲಿ ಸಭೆ, ಶಾಲೆ ಎದ್ದವು. 1834ರಲ್ಲಿ ಮದರಾಸಿನ ಒಬ್ಬ ಪಾದ್ರಿ ಇಂಗ್ಲೆಂಡಿನ ಸಭೆಯ ಪದ್ಧತಿಯನ್ನು ಹೊಗಳಿ ಪುಸ್ತಕ ಬರೆದರು. ರೇನಿಯಸ್ ಅದನ್ನು ವಿಮರ್ಶಿಸಿ, ಆ ಪದ್ಧತಿಯಲ್ಲಿ ತಪ್ಪು ಇದೆ ಅಂತ ಅಚ್ಚು ಹಾಕಿಸಿದರು. ಮುಂದಿನ ವರ್ಷವೇ ಅವರ ಮಿಷನ್ ಅವರನ್ನು ಕೈಬಿಟ್ಟಿತು. ಅವರು ಊರು ಬಿಟ್ಟು ಹೋದರು, ಉಪದೇಶಿಗಳು ಕರೆದದ್ದಕ್ಕೆ ವಾಪಸು ಬಂದರು. ಅಲ್ಲಿಂದ ಸಭೆಗಳು ಎರಡಾದವು. ಹಳ್ಳಿಯ ಜನ ಆ ಪುಸ್ತಕವನ್ನೂ ಓದಿರಲಿಲ್ಲ, ವಿಮರ್ಶೆಯನ್ನೂ ಓದಿರಲಿಲ್ಲ. ಅವರಿಗೆ ಉಳಿದದ್ದು ನೀನು ಯಾರ ಕಡೆ ಅನ್ನುವ ಪ್ರಶ್ನೆ ಮಾತ್ರ. 1838ರ ಜೂನಿನಲ್ಲಿ ರೇನಿಯಸ್ ತೀರಿಕೊಂಡ ಮೇಲೆ ಬಹುಪಾಲು ಮತ್ತೆ ಒಂದಾಯಿತು. ಅವರು ಬರೆದದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಮನಸ್ಸಿಗೆ ಒಪ್ಪದ್ದನ್ನು ಒಪ್ಪಿದೆ ಅನ್ನುವ ಮನುಷ್ಯ ಅವರಲ್ಲ. ಆದರೆ ನಿಜಕ್ಕೂ ಒಂದು ಬೆಲೆ ಇದೆ, ಅದನ್ನು ಎಷ್ಟೋ ಸಲ ಹೇಳಿದವನಿಗಿಂತ ಹೆಚ್ಚು ಕೇಳಿದವರು ತೆರುತ್ತಾರೆ. ನಮ್ಮಲ್ಲಿ ತೆತ್ತದ್ದು ಎಂಟನೆಯ ತರಗತಿಯ ಹುಡುಗಿ.

ಹಾಗಾದರೆ ಬಾಯಿ ಮುಚ್ಚಿಕೊಂಡಿರಬೇಕಾ? ನಮ್ಮ ಸಭೆಯ ಕೆಲವು ಹಿರಿಯರು ಹಾಗೇ ಹೇಳಿದರು. ದೇವರ ಸೇವಕನ ಮೇಲೆ ಮಾತಾಡಬಾರದು, ಪ್ರಾರ್ಥನೆ ಮಾಡಿ ಬಿಟ್ಟುಬಿಡಬೇಕು ಅಂದರು. ಇದನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಬೋಧಕರಾದವರಿಗೆ ಹೆಚ್ಚಿನ ವಿಚಾರಣೆ ಇದೆ ಅಂತ ಯಾಕೋಬನೇ ಎಚ್ಚರಿಸಿದ್ದಾನೆ. ಅಂತಿಯೋಕ್ಯದಲ್ಲಿ ಪೇತ್ರ ಜನಕ್ಕೆ ಹೆದರಿ ಅನ್ಯಜನರ ಜೊತೆ ಊಟ ಬಿಟ್ಟಾಗ ಪೌಲ ಎಲ್ಲರ ಎದುರೇ ತಪ್ಪು ಅಂದ. ಪೇತ್ರನ ತಪ್ಪು ಎಲ್ಲರ ಎದುರು ಆದದ್ದು, ಅದನ್ನು ನೋಡಿ ಬೇರೆಯವರೂ ದಾರಿ ತಪ್ಪುತ್ತಿದ್ದರು, ಆದ್ದರಿಂದ ತಿದ್ದಿದ್ದೂ ಎಲ್ಲರ ಎದುರೇ. ಅದೇ ಪುಸ್ತಕದಲ್ಲಿ ಇನ್ನೊಂದು ಕಥೆ ಇದೆ. ಅಪೊಲ್ಲೋಸ ಒಳ್ಳೆಯ ಮಾತುಗಾರ, ಆದರೆ ಅವನಿಗೆ ಗೊತ್ತಿದ್ದದ್ದು ಅರ್ಧ. ಡೇರೆ ಹೊಲಿಯುವ ಗಂಡ ಹೆಂಡತಿ ಅಕ್ವಿಲ ಪ್ರಿಸ್ಕಿಲ್ಲರು ಅವನ ಬೋಧನೆ ಪೂರ್ತಿ ಕೇಳಿ, ತಮ್ಮ ಜೊತೆ ಕರಕೊಂಡು ಹೋಗಿ ಉಳಿದರ್ಧ ಹೇಳಿಕೊಟ್ಟರು. ಸಭೆಯಲ್ಲಿ ಒಂದು ಮಾತೂ ಆಡಲಿಲ್ಲ. ಅದೂ ಸರಿ, ಇದೂ ಸರಿ. ಹಿರಿಯರ ಮೇಲಿನ ದೂರನ್ನು ಎರಡು ಮೂರು ಸಾಕ್ಷಿ ಇಲ್ಲದೆ ತಗೊಳ್ಳಬೇಡ, ಪಾಪ ಬಿಡದವರನ್ನು ಎಲ್ಲರ ಎದುರು ಗದರಿಸು ಅಂತ ತಿಮೊಥೆಯನಿಗೆ ಬರೆದದ್ದೂ ಒಂದೇ ಪತ್ರದಲ್ಲಿ, ಒಂದರ ಹಿಂದೆ ಒಂದು. ನಾನು ಎರಡನೆಯದನ್ನು ಓದಿ ಮೊದಲನೆಯದನ್ನು ಬಿಟ್ಟಿದ್ದೆ. ನನ್ನನ್ನು ಸುಮ್ಮನಿರು ಅಂದವರು ಮೊದಲನೆಯದನ್ನು ಓದಿ ಎರಡನೆಯದನ್ನು ಬಿಟ್ಟಿದ್ದರು.

ಆ ವರ್ಷದ ಮಾರ್ಚಿನಲ್ಲಿ ನಮ್ಮ ನೆಂಟರ ಹಟ್ಟಿಯಲ್ಲಿ ಒಬ್ಬ ಮಾಮ ತೀರಿಕೊಂಡರು. ಅವರು ಕ್ರೈಸ್ತರಲ್ಲ. ನಾನು ಸಾವಿಗೆ ಹೋದೆ. ಬಡಗರ ಸಾವಿನಲ್ಲಿ ಕರು ಹರಚೋದು ಅಂತ ಒಂದು ಕಟ್ಟಳೆ ಇದೆ, ನಿಮಗೆಲ್ಲ ಗೊತ್ತಿರುವುದೇ. ಹಿರಿಯರೊಬ್ಬರು ಹೆಣದ ಮುಂದೆ ನಿಂತು ಪಾಪಗಳನ್ನು ಒಂದೊಂದಾಗಿ ಕೂಗಿ ಹೇಳುತ್ತಾರೆ. ಗಡಿಕಲ್ಲು ಸರಿಸಿದ್ದು, ಹಲ್ಲಿ ಹಾವು ಕೊಂದದ್ದು, ಪಕ್ಕದವನ ಬೆಳೆ ನೋಡಿ ಹೊಟ್ಟೆಕಿಚ್ಚು ಪಟ್ಟದ್ದು, ದಾರಿ ಕೇಳಿದವರಿಗೆ ತಪ್ಪು ದಾರಿ ತೋರಿಸಿದ್ದು. ನೆರೆದವರೆಲ್ಲ ಅದು ಪಾಪ ಅಂತ ದನಿಗೂಡಿಸುತ್ತಾರೆ. ಲೆಕ್ಕಕ್ಕೆ ಸಾವಿರದ ಮುನ್ನೂರು ಪಾಪ ಅನ್ನುತ್ತಾರೆ. ಹಿಂದೆ ಒಂದು ಕರುವನ್ನು ಬಿಟ್ಟು ಪಾಪವೆಲ್ಲ ಅದರ ಜೊತೆ ಹೋಗಲಿ ಅನ್ನುತ್ತಿದ್ದರು. ಸಣ್ಣವನಿದ್ದಾಗಿನಿಂದ ಕೇಳಿದ್ದೇನೆ, ಆ ದಿನ ಬೇರೆ ರೀತಿ ಕೇಳಿಸಿತು. ಒಂದು ಪಾಪವನ್ನೂ ಮುಚ್ಚಲಿಲ್ಲ, ಮೆತ್ತಗೆ ಮಾಡಲಿಲ್ಲ. ಆದರೆ ಇವನು ಮಾಡಿದ, ನಾನು ಮಾಡಲಿಲ್ಲ ಅನ್ನುವ ದನಿ ಅದರಲ್ಲಿ ಇಲ್ಲ. ಆ ಪಟ್ಟಿ ಎಲ್ಲರದ್ದು. ಕೂಗುವವರು ಕೂಗುವುದು ಸತ್ತವನು ಹಗುರಾಗಿ ಹೋಗಲಿ ಅಂತ. ನಾನು ಸಭೆಯಲ್ಲಿ ಪಾಪದ ಪಟ್ಟಿ ಓದಿದಾಗ ಅಯ್ಯನವರು ಹಗುರಾಗಲಿ ಅನ್ನುವುದು ನನ್ನ ಮನಸ್ಸಿನಲ್ಲಿ ಇತ್ತಾ? ಇರಲಿಲ್ಲ. ಅವರು ಕೆಳಗೆ ಬೀಳಲಿ ಅಂತ ಇತ್ತು. ಸತ್ತ ಮೇಲೆ ಹೀಗೆ ಹೇಳಲು ನಮಗೆ ಬರುತ್ತದೆ. ಬದುಕಿದ್ದವರಿಗೆ ಹೇಳುವಾಗ ಬರುವುದಿಲ್ಲ.

ಮಾರನೆಯ ವಾರ, ಒಂದು ಶನಿವಾರ ಸಂಜೆ, ಅಯ್ಯನವರ ಮನೆಗೆ ಹೋದೆ. ಬಾಗಿಲು ತೆಗೆದದ್ದು ಆ ಹುಡುಗಿ. ನನ್ನ ನೋಡಿ ಒಳಗೆ ಹೋದಳು. ಅವರ ಹೆಂಡತಿ ಟೀ ತಂದಿಟ್ಟರು, ಮಾತಾಡಲಿಲ್ಲ.

"ಅಯ್ಯನವರೇ, ನಾನು ಎರಡು ವಿಷಯಕ್ಕೆ ಬಂದೆ" ಅಂದೆ. "ಮಾತ್ರೆ ಎಸೆಯಿರಿ ಅಂತ ನೀವು ಹೇಳಲಿಲ್ಲ. ನಾನು ಬರೆದದ್ದು ಸುಳ್ಳು. ನಿಮ್ಮನ್ನು ಕರೆದ ಹೆಸರೂ ತಪ್ಪು. ನಾಳೆ ಸಭೆಯಲ್ಲಿ ಅದನ್ನು ಹೇಳ್ತೀನಿ. ಆದರೆ ಕಾಯಿಲೆ ಅಂದರೆ ಪಾಪ ಅಂತ ನೀವು ಹೇಳಿದ್ದೂ ತಪ್ಪು. ಅದನ್ನು ನಾನು ವಾಪಸು ತಗೊಳ್ಳಲ್ಲ."

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ವಾದ್ಯಾರೇ, ನಿಮ್ಮ ತಂಗಿ ಮಾತ್ರೆ ಬಿಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ. ನಿಮ್ಮ ಬಾಯಿಂದ ಸಭೆಯಲ್ಲೇ ಮೊದಲು ಕೇಳಿದ್ದು. ನೀವು ಹಿಂದಿನ ದಿನ ಹೀಗೆ ಬಂದು ಹೇಳಿದ್ದರೆ ಭಾನುವಾರ ನಾನೇ ಹೇಳ್ತಿದ್ದೆ. ಈಗ ಹೇಳಿದರೆ ಹೆದರಿ ಹೇಳಿದ ಅಂತಾರೆ" ಅಂದರು.

"ಹೇಳದಿದ್ದರೆ ಇನ್ನೊಬ್ಬರ ಬೆರಳು ಹೋಗುತ್ತೆ, ಅಯ್ಯನವರೇ."

"ಹೌದು" ಅಂದರು. ಅಷ್ಟೇ.

ಅವರು ಭಾನುವಾರದವರೆಗೂ ಕಾಯಲಿಲ್ಲ. ಆ ರಾತ್ರಿಯೇ ಟಾರ್ಚು ಹಿಡಿದು ರಕ್ತದೊತ್ತಡದ ಹಿರಿಯರ ಮನೆಗೆ ಹೋಗಿ, ಅಟ್ಟದಿಂದ ಡಬ್ಬಿ ಇಳಿಸಿ, ತಮ್ಮ ಕೈಯಿಂದಲೇ ಮಾತ್ರೆ ಕೊಟ್ಟರಂತೆ. ನನ್ನ ನಾಲ್ಕು ಪುಟ ಮಾಡಲಾಗದ ಕೆಲಸ ಅದು. ಮರುದಿನ ಅವರು ಸಭೆಯಲ್ಲಿ ಮಾತಾಡಿದರು. ಔಷಧಿಯೂ ದೇವರು ಕೊಟ್ಟದ್ದು, ಕಾಯಿಲೆಯವರ ಮೇಲೆ ನಾನು ಹೊರಲಾಗದ ಭಾರ ಹೊರಿಸಿದೆ ಅಂದರು. ನಾನು ಎದ್ದು ನನ್ನ ತಪ್ಪು ಯಾವುದು, ಯಾವುದು ಅಲ್ಲ ಅಂತ ಹೇಳಿದೆ. ಮೂರು ಕಡೆ ಅಂಟಿಸಿದ್ದ ಕಾಗದದ ಜಾಗದಲ್ಲಿ ತಪ್ಪೊಪ್ಪಿಗೆಯ ಕಾಗದ ಅಂಟಿಸಿದೆ. ಅದನ್ನು ಓದಲು ಯಾರೂ ನಿಲ್ಲಲಿಲ್ಲ. ಕೆಟ್ಟ ಸುದ್ದಿ ಓದಲು ನಿಂತಿದ್ದ ಜನ ಎಲ್ಲಿ ಹೋದರೋ.

ಎಲ್ಲ ಸರಿಹೋಯಿತು ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಎರಡು ಮನೆಯವರು ಅಯ್ಯನವರು ನಂಬಿಕೆಯಿಂದ ಜಾರಿದರು ಅಂತ ಬೇರೆ ಪ್ರಾರ್ಥನಾ ಮನೆಗೆ ಹೋದರು. ಇನ್ನು ಕೆಲವರು ನಾನು ಕಡೆಗೆ ಮೆತ್ತಗಾದೆ ಅಂತ ನನ್ನ ಮೇಲೆ ಬೇಸರಪಟ್ಟರು. ಹುಡುಗಿ ಶಾಲೆಗೆ ಬಂದಳು, ಆದರೆ ನಾನು ಎದುರಾದರೆ ದಾರಿ ಬದಲಿಸುತ್ತಿದ್ದಳು. ಎರಡು ವರ್ಷದ ನಂತರ ಅಯ್ಯನವರಿಗೆ ಬೇರೆ ಕಡೆ ವರ್ಗವಾಯಿತು. ಹೊರಡುವ ದಿನ ಸಾಮಾನು ಲಾರಿಗೆ ಏರಿಸಲು ನಾನೂ ಹೋಗಿದ್ದೆ. ಈಗಲೂ ಕ್ರಿಸ್ಮಸ್ಸಿಗೆ ಫೋನ್ ಮಾಡುತ್ತಾರೆ. ಮೊದಲು ಕೇಳುವುದು ತಂಗಿಯ ಸಕ್ಕರೆ ಎಷ್ಟಿದೆ ಅಂತ.

ಕೃಪೆಯೂ ಸತ್ಯವೂ ಯೇಸುವಿನಲ್ಲಿ ತುಂಬಿದ್ದವು ಅಂತ ಯೋಹಾನ ಬರೆಯುತ್ತಾನೆ. ಅವೆರಡೂ ತಕ್ಕಡಿಯ ಎರಡು ತಟ್ಟೆ, ಒಂದಕ್ಕೆ ಹಾಕಿದರೆ ಇನ್ನೊಂದರಿಂದ ತೆಗೆಯಬೇಕು ಅಂತ ನಾನು ತಿಳಿದಿದ್ದೆ. ಹಾಗಲ್ಲ ಅಂತ ಆ ಶನಿವಾರ ತಿಳಿಯಿತು. ಅಂದು ನಾನು ಹೇಳಿದ ಸತ್ಯ ಜನವರಿಯದಕ್ಕಿಂತ ಕಮ್ಮಿಯೇನಲ್ಲ, ಸುಳ್ಳು ಸಾಲು ಬಿದ್ದುಹೋಗಿ ಇನ್ನೂ ಗಟ್ಟಿಯಾಗಿತ್ತು. ಈಗ ಯಾರಾದರೂ ಕಿರಿಯರು ಬಂದು, ಇಂಥವರು ತಪ್ಪು ಕಲಿಸುತ್ತಿದ್ದಾರೆ, ಎದ್ದು ನಿಲ್ಲಲಾ ಅಂತ ಕೇಳಿದರೆ ನಾನು ಕೇಳುವುದು ಇಷ್ಟು: ನೀನೇ ಕಿವಿಯಾರೆ ಕೇಳಿದೆಯಾ? ಅವರ ಮನೆಗೆ ಹೋಗಿದ್ದೆಯಾ? ನೋವಾದವರ ಒಪ್ಪಿಗೆ ಇದೆಯಾ? ಮೂರಕ್ಕೂ ಹೌದು ಅಂದರೆ, ಅವರು ತಿದ್ದಿಕೊಳ್ಳದಿದ್ದರೆ, ನಿಲ್ಲು, ನಾನೂ ನಿನ್ನ ಪಕ್ಕ ನಿಲ್ಲುತ್ತೇನೆ. ಇವತ್ತೇ ಒಂದು ಜೀವ ಹೋಗುವ ಹಾಗಿದ್ದರೆ ಮೂರನ್ನೂ ಕಾಯಬೇಡ, ಕೂಗು. ಆದರೆ ಆ ಜೀವಕ್ಕಾಗಿ ಕೂಗು.

ಇದನ್ನು ಬರೆಯುವ ಮುಂಚೆ ಈ ಸಲ ತಂಗಿಯನ್ನು ಕೇಳಿದೆ. ಪೂರ್ತಿ ಓದಿ ಹೇಳಿದೆ. ಎಲೆಯ ಚೀಲ ಮಡಿಸುತ್ತಾ ಕೇಳಿದಳು. ಮುಗಿದ ಮೇಲೆ ಅಂದಳು: "ಬರಿ. ಆದರೆ ಒಂದು ಸೇರಿಸು. ನಾನು ಮಾತ್ರೆ ಬಿಟ್ಟದ್ದು ಬೋಧನೆ ಕೇಳಿ ಮಾತ್ರ ಅಲ್ಲ. ಅವರು ಹೋದ ಮೇಲೆ ಮಾತ್ರೆ ನುಂಗಿ ಬದುಕಿ ಏನಾಗಬೇಕು ಅಂತ ಮೊದಲೇ ಅನ್ನಿಸ್ತಿತ್ತು. ಅಯ್ಯನವರು ಒಂದು ನೆಪ ಕೊಟ್ಟರು. ಆ ಎರಡು ವರ್ಷ ನಾನು ಹೇಗಿದ್ದೀನಿ ಅಂತ ನೀನೂ ಕೇಳಲಿಲ್ಲ, ಅಣ್ಣಾ."

ಸೇರಿಸಿದ್ದೇನೆ.